ಅತ್ತಿಗೆಯ ಮಾತಿಗಾಗಿ ಆರಿಸಿದ ಲಿನಕ್ಸ್

ನಮ್ಮನೆಯವರದು ಹಳೇ ಕಂಪ್ಯೂಟರ್ ರಿಪೇರಿ ಕೆಲಸ. ಕೈಗುಣ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಬೇರೆಯವರು ಗುಜರಿಗೆ ಹಾಕಿ ಅಂದದ್ದಕ್ಕೂ ಜೀವ ಬರಿಸುತ್ತಿದ್ದರು. ಆದರೆ ಹೊಸದೆಂದರೆ ಹುಚ್ಚು. ನೆಟ್ಟಗೆ ನಡೆಯುತ್ತಿರುವ ಯಂತ್ರ ಕಂಡರೆ ಅವರಿಗೆ ತಡೆಯದು. ಏನಾದರೊಂದು ಬದಲಾಯಿಸಬೇಕು, ಕೆಡಿಸಬೇಕು, ಮತ್ತೆ ಕೂತು ಸರಿಮಾಡಬೇಕು. ಬೀದಿಯವರೆಲ್ಲ ‘ಅಪ್‌ಡೇಟ್ ಸಾಹೇಬ್ರು’ ಅಂತ ಛೇಡಿಸುತ್ತಿದ್ದರು. ಇವರಿಗೋ ಅದೊಂದು ಬಿರುದು!

ಅವರ ಅಕ್ಕ, ಅಂದರೆ ನನ್ನ ಅತ್ತಿಗೆ, ಟೈಪಿಸ್ಟ್ ಆಗಿ ನಿವೃತ್ತರಾದವರು. ಗಂಟಲಿನ ಆಪರೇಷನ್ ಆಗಿ ದನಿ ಪೂರ್ತಿ ಹೋಯಿತು. ಬೇರೆ ಮನೆಯಾಗಿದ್ದರೆ ಚೀಟಿ ಬರೆದು ತೋರಿಸಿ ಕಾಲ ಹಾಕಬಹುದಿತ್ತು. ಅತ್ತಿಗೆಯ ಗಂಡನಿಗೆ ಕಣ್ಣು ಕಾಣದು. ಇವರಿಗೆ ಭಾವ, ಬಾಯಿ ರೂಢಿಗೆ ನನಗೂ ಭಾವ. ಮಾತಾಡಲಾರದ ಹೆಂಡತಿ, ನೋಡಲಾರದ ಗಂಡ, ಎರಡು ಕೋಣೆಯ ಬಾಡಿಗೆ ಮನೆ. ದೇವರಿಗೂ ಕೆಲವೊಮ್ಮೆ ಬುದ್ಧಿ ಇರುವುದಿಲ್ಲ.

ಉಪಾಯ ಹೊಳೆದದ್ದು ನಮ್ಮನೆಯವರಿಗೇ. ಅಕ್ಕ ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಗಟ್ಟಿಯಾಗಿ ಓದಿದರೆ ಭಾವನಿಗೆ ಕೇಳಿಸುತ್ತದಲ್ಲ? ಅಕ್ಕನ ಮನೆಯಲ್ಲಿದ್ದದ್ದು ಹಳೇ ಯಂತ್ರ, ಕಂಪ್ಯೂಟರ್ ನಡೆಸಲು ದುಡ್ಡು ಕೊಟ್ಟು ತರುವ ಹೊಸ ತಂತ್ರಾಂಶಗಳ ಭಾರ ಹೊರಲಾರದು. ಹಾಗಾಗಿ ಲಿನಕ್ಸ್ ಹಾಕೋಣ ಅಂದರು. ಅದೂ ಅಂಥದೇ ತಂತ್ರಾಂಶ, ಆದರೆ ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು, ಬಿಚ್ಚಿ ತಿದ್ದಲೂಬಹುದು. ಅದರಲ್ಲೂ ನೂರೆಂಟು ಬಗೆ. ಕೊನೆಗೆ ಎರಡು ಉಳಿದವು. ಒಂದು ಹೊಸಬರಿಗೆಂದೇ ಮಾಡಿದ್ದು. ಒಮ್ಮೆ ಹಾಕಿದರೆ ವರ್ಷಗಟ್ಟಲೆ ಹಾಗೇ ಇರುತ್ತದೆ, ಸಣ್ಣಪುಟ್ಟ ರಿಪೇರಿ ಬಿಟ್ಟರೆ ಏನೂ ಬದಲಾಗುವುದಿಲ್ಲ. ಇನ್ನೊಂದು ದಿನಾ ಹೊಸದಾಗುತ್ತಲೇ ಇರುವಂಥದ್ದು.

“ರೀ, ಮೊದಲನೇದೇ ಹಾಕ್ರೀ. ಅಕ್ಕನಿಗೆ ಬೇಕಿರೋದು ಮಾತು, ಮೆರವಣಿಗೆ ಅಲ್ಲ,” ಅಂದೆ.

“ಅದು ಸಪ್ಪೆ ಕಣೇ. ಒಳಗಿರೋದೆಲ್ಲ ಹಳೇದು. ನಮ್ಮಕ್ಕನಿಗೆ ಹಳಸಿದ್ದು ಬಡಿಸ್ಲಾ?”

“ಕಾಯಿಲೆಯವರಿಗೆ ಸಪ್ಪೇನೇ ಬಡಿಸೋದು.”

ಕೇಳಿದರೆ ತಾನೆ! ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ದಿನಾ ಹೊಸದಾಗುವುದನ್ನೇ ಹಾಕಿದರು.

ಸುಳ್ಳು ಹೇಳಬಾರದು, ಮೊದಮೊದಲು ಆ ಮನೆಗೆ ಕಳೆ ಬಂತು. ಅತ್ತಿಗೆಯ ಬೆರಳು ಪಟಪಟ ಓಡುತ್ತಿತ್ತು, ಯಂತ್ರ ಮೂಗಿನಲ್ಲಿ ಮಾತಾಡಿದಂತೆ ಓದುತ್ತಿತ್ತು: “ಟವೆಲ್ ಎಲ್ಲಿ ಎಸೆದಿರಿ? ಮಾತ್ರೆ ನುಂಗಿದಿರಾ?” ಭಾವನಿಗೆ ನಗು ತಡೆಯುತ್ತಿರಲಿಲ್ಲ.

“ದನಿ ಹೋದ್ರೂ ನಿಮ್ಮತ್ತಿಗೆ ಬೈಯೋದು ಬಿಟ್ಟಿಲ್ಲ ನೋಡಮ್ಮ. ಮೊದ್ಲು ಬಾಯಲ್ಲಿ ಬೈತಿದ್ಲು, ಈಗ ಕರೆಂಟಲ್ಲಿ ಬೈತಾಳೆ!”

ಒಂದು ಬೆಳಿಗ್ಗೆ ಅಪ್‌ಡೇಟ್ ಆಯಿತು, ಪರದೆ ಕಪ್ಪಾಗಿ ನಿಂತಿತು. ನಮ್ಮನೆಯವರು ಯಂತ್ರವನ್ನು ತಮ್ಮ ಅಂಗಡಿಗೆ ಹೊತ್ತು ತಂದರು. “ನಾಳೆ ತಂದ್ಕೊಡ್ತೀನಿ ಅಕ್ಕ,” ಅಂದಿದ್ದರು. ಪರದೆ ಬಂತು, ದನಿ ಬರಲಿಲ್ಲ. ದನಿ ಬಂತು, ಕನ್ನಡ ಬರಲಿಲ್ಲ. ಊಟಕ್ಕೆ ಕರೆದರೂ ಇವರು ಏಳುತ್ತಿರಲಿಲ್ಲ.

“ಆ ಸಪ್ಪೇದನ್ನೇ ಹಾಕಿ ಕೊಟ್ಬಿಡ್ರೀ. ಇಲ್ಲಾ, ಅಂಗಡೀಲಿರೋ ಬೇರೆ ಯಾವ್ದಾದ್ರೂ ಕೊಡಿ. ಅವರಿಬ್ರೂ ಮಾತಿಲ್ದೆ ಕೂತಿದಾರೆ.”

“ತಪ್ಪು ಎಲ್ಲಿದೆ ಅಂತ ಗೊತ್ತಾಗೋ ತನಕ ಬಿಡಲ್ಲ. ನಾಳೆ ಸರಿಹೋಗತ್ತೆ.”

ದಿನಾ ಇದೇ ನಾಳೆ. ಅಷ್ಟರಲ್ಲಿ ಭಾವನಿಗೆ ಜ್ವರ ಬಂದು ಎದೆಗಿಳಿಯಿತು. ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದರು. ನಾನು ಅಲ್ಲೇ ಇದ್ದೆ. ಜ್ವರದ ಮಂಪರಿನಲ್ಲಿ ಅವರಿಗೆ ಯಂತ್ರ ಕೆಟ್ಟಿದ್ದಾಗಲಿ, ಅತ್ತಿಗೆಯ ದನಿ ಹೋಗಿದ್ದಾಗಲಿ ನೆನಪಿರಲಿಲ್ಲ.

“ಯಾಕೆ ಮಾತಾಡ್ತಿಲ್ಲ ನೀನು? ನನ್ಮೇಲೆ ಕೋಪಾನಾ?”

ಅತ್ತಿಗೆ ಅವರ ಕೈ ಹಿಡಿದು ಒತ್ತಿದರು, ಕೆನ್ನೆಗಿಟ್ಟುಕೊಂಡರು. ಬಾಯಿ ತೆರೆದರು; ಬರೀ ಗಾಳಿ ಬಂತು.

“ಕೋಪ ಏನಿಲ್ಲ ಭಾವ, ಪಕ್ಕದಲ್ಲೇ ಕೂತಿದಾರೆ,” ಅಂದೆ.

“ನೀನು ಹೇಳ್ಬೇಡಮ್ಮ. ಅವಳು ಹೇಳ್ಲಿ.”

ಅವರು ಮತ್ತೆ ಮತ್ತೆ ಅದನ್ನೇ ಕೇಳಿದರು. ಕೇಳುತ್ತಲೇ ಸಂಜೆಯ ಹೊತ್ತಿಗೆ ಹೋಗಿಬಿಟ್ಟರು.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ. ಕೆಲವು ದಿನ ಕಳೆದ ಮೇಲೆ ನಮ್ಮನೆಯವರು ಯಾರಿಗೂ ಹೇಳದೆ ಆ ಮೊದಲನೆಯದನ್ನೇ, ಸಪ್ಪೆ ಅಂದಿದ್ದನ್ನೇ, ಯಂತ್ರಕ್ಕೆ ಹಾಕಿದರು. ಅಕ್ಕನ ಮನೆಗೆ ಒಯ್ದು ಮೇಜಿನ ಮೇಲಿಟ್ಟು ತಂತಿ ಸಿಕ್ಕಿಸಿದರು. ನಾನೂ ಜೊತೆಗಿದ್ದೆ. ಯಂತ್ರ ತಕರಾರಿಲ್ಲದೆ ಎದ್ದು ಕೂತಿತು. ಅಂಗಡಿಗೆ ಬರುವವರ ಹತ್ತಿರ ಮಾತಾಡಿ ಅಭ್ಯಾಸ ನೋಡಿ, ಇವರ ಬಾಯಿಂದ ಬಂದೇಬಿಟ್ಟಿತು:

“ಇನ್ನು ಕೆಡಲ್ಲ ಅಕ್ಕ. ಬೆಳಿಗ್ಗೆ ಕೂತೆ, ಊಟದ ಹೊತ್ತಿಗೆ ಮುಗೀತು.”

ಅತ್ತಿಗೆ ತಮ್ಮನ ಮುಖವನ್ನೇ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಅಂಥ ಟೈಪಿಸ್ಟು, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಯಂತ್ರ ತಡವರಿಸದೆ, ಸ್ಪಷ್ಟವಾಗಿ ಓದಿತು:

“ಇಷ್ಟೇ ಕೆಲಸ ಆಗಿತ್ತಾ ಪುಟ್ಟಾ?”