ಫೂಲಿಯಲ್ಲಿ ರೈಲು ನಿಲ್ಲುವ ಒಂದು ನಿಮಿಷ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಶೂಲಿನ್ ಯಾರ್ಡ್‌ನಲ್ಲಿ ನಿಂತಿರುವ ಪೂರ್ವ ಕರಾವಳಿಯ ರೈಲಿನ ಮೂರನೇ ಬೋಗಿಯಲ್ಲಿ ಲಾಯ್ ಶ್ಯೂಲುವಾನ್ ಪೊರಕೆ ಹಿಡಿದಿದ್ದಾರೆ. ಬೇರೆ ದಿನಗಳಲ್ಲಿ ಕಸವನ್ನು ಬಾಗಿಲಿನತ್ತ ತಳ್ಳುವವರು ಇಂದು ಬಾಗಿಲಿನಿಂದ ಶುರುಮಾಡಿ ನಡುವಿಗೆ ಗುಡಿಸಿ, ಅಲ್ಲೇ ಬಗ್ಗಿ ಚೀಲಕ್ಕೆ ತುಂಬುತ್ತಾರೆ. ಹೊಸವರ್ಷದ ಹಬ್ಬದಲ್ಲಿ ಹೊರಕ್ಕೆ ಗುಡಿಸಿದರೆ ಮನೆಯ ಅದೃಷ್ಟವೂ ಆಚೆ ಹೋಗುತ್ತದೆ ಎಂದು ನಮ್ಮ ತೈವಾನಿನಲ್ಲಿ ನಂಬಿಕೆ. ಅವರ ಕುರಿತು ಬರೆಯಲೆಂದು ಜೊತೆಗೆ ಬಂದಿರುವ ನಾನು, ಇದು ರೈಲಲ್ಲವೇ, ಯಾರ ಮನೆ ಎಂದು ಕೇಳಿದೆ.

"ಇವತ್ತು ಹಬ್ಬದ ಎರಡನೇ ದಿನ. ಇದರಲ್ಲಿ ಕೂರೋರೆಲ್ಲ ತವರಿಗೆ ಹೋಗೋ ಹೆಣ್ಮಕ್ಕಳು. ಅವರ ಅದೃಷ್ಟಾನ ನಾನ್ಯಾಕೆ ಆಚೆ ಹಾಕ್ಲಿ?"

ರೈಲಿನ ಜೊತೆಯಲ್ಲೇ ಸಾಗುತ್ತಾ ಕಸ ಎತ್ತುವುದು ಅವರ ಕೆಲಸ. ಕಿತ್ತಳೆ ಸಿಪ್ಪೆ, ಊಟದ ಖಾಲಿ ಡಬ್ಬಿ, ಮಕ್ಕಳು ಚೆಲ್ಲಿದ ಹಾಲು, ಹಬ್ಬದಲ್ಲಿ ಎಲ್ಲವೂ ದುಪ್ಪಟ್ಟು. ಡಬ್ಬಿ ಚಾಚುವ ಕೈಗಳಿಗೆ ಲೆಕ್ಕವಿಲ್ಲ, ತಲೆಯೆತ್ತಿ ಮುಖ ನೋಡುವವರು ಕಡಿಮೆ. ಯೀಲಾನ್ ದಾಟಿದ ಮೇಲೆ ಒಬ್ಬ ಮುದುಕರು ಮಾತ್ರ, ಎಲ್ಲರೂ ಗಂಡನ ಜೊತೆ ತವರಿಗೆ ಹೊರಟರೆ ನೀನು ಪೊರಕೆ ಜೊತೆ ಹೊರಟಿದ್ದೀಯಲ್ಲ ಎಂದು ಕಿಚಾಯಿಸಿದರು.

"ಇದೇ ವಾಸಿ ಬಿಡಿ ತಾತ. ಕರೆದ ಕಡೆ ಬರುತ್ತೆ, ಎದುರು ಮಾತಾಡಲ್ಲ" ಎಂದು ಶ್ಯೂಲುವಾನ್ ಮುಂದೆ ಸಾಗಿದರು.

ಗಂಡ ತೀರಿಕೊಂಡು ಬಹಳ ವರ್ಷಗಳಾದವು. ಮಕ್ಕಳಿಲ್ಲ. ಅಂದಿನಿಂದ ಹಬ್ಬದ ಪಾಳಿ ಅವರ ಕೊರಳಿಗೇ ಬಿದ್ದಿದೆ. "ನಿಂಗೇನಕ್ಕ, ಒಂಟಿ ಜೀವ" ಎಂದು ಜೊತೆಯವರು ರಜೆ ಬರೆದುಕೊಳ್ಳುತ್ತಾರೆ. ಇವರು ಬಾಯಿ ಬಿಡುವುದಿಲ್ಲ. ಬಾಯಿ ಬಿಡದವರ ಪಾಲಿಗೆ ಎಂದೂ ಏನೂ ಉಳಿಯುವುದಿಲ್ಲವೆಂದು ನನಗೆ ಸಿಟ್ಟು ಬರುತ್ತದೆ.

ತವರು ಇದೇ ದಾರಿಯಲ್ಲಿರುವ ಫೂಲಿ. ಹಬ್ಬ ಕಳೆದ ಮೇಲೆ ಹೋಗಬಹುದಲ್ಲ ಎಂದರೆ ತಲೆಯಾಡಿಸುತ್ತಾರೆ. "ಊರಿಗೆ ಯಾವತ್ತಾದ್ರೂ ಹೋಗ್ಬಹುದು. ಮಗಳಾಗಿ ಹೋಗೋಕೆ ಇದೊಂದೇ ದಿನ."

ಅದಕ್ಕೇ ತಾಯಿಯೇ ದಾರಿ ಕಂಡುಕೊಂಡಿದ್ದರು. ಪ್ರತಿ ವರ್ಷ ಈ ದಿನ ನಿಲ್ದಾಣದ ಮೇಲ್ಸೇತುವೆ ಹತ್ತಿಳಿದು, ಆಚೆ ಪ್ಲಾಟ್‌ಫಾರ್ಮಿನಲ್ಲಿ ಮೂರನೇ ಬೋಗಿ ಬಂದು ನಿಲ್ಲುವಲ್ಲಿ ಕಾಯುತ್ತಿದ್ದರು. ರೈಲು ನಿಲ್ಲುವ ಒಂದು ನಿಮಿಷದಲ್ಲಿ ಮೂಲಂಗಿ ಕಡುಬಿನ ಗಂಟನ್ನು ಮಗಳ ಕೈಗಿಟ್ಟು, ಕೆನ್ನೆ ಮುಟ್ಟಿ ನೋಡುತ್ತಿದ್ದರು. ಕಳೆದ ವಾರ ಅವರ ಫೋನ್ ಬಂದಿತ್ತು. ಮಂಡಿ ಸೋತಿದೆ, ಈ ಸಲ ಕಾಯಬೇಡ ಎಂದರಂತೆ. ಹಾಗಿದ್ದೂ ಫೂಲಿಗೆ ಮುಂಚಿನ ಯೂಲಿ ನಿಲ್ದಾಣ ದಾಟಿದಾಗಿನಿಂದ ಶ್ಯೂಲುವಾನ್ ಒರೆಸಿದ ಕಿಟಕಿಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಾರೆ.

ಫೂಲಿ ಬರುತ್ತದೆ. ಬಾಗಿಲು ತೆರೆದ ಕಡೆ ತಾಯಿ ಇಲ್ಲ. ಇನ್ನೊಂದು ಬದಿಯಲ್ಲಿ, ಹಳಿಗಳಾಚೆ, ನಿಲ್ದಾಣದ ಕಟ್ಟಡಕ್ಕೆ ಅಂಟಿದ ಪ್ಲಾಟ್‌ಫಾರ್ಮಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಮಡಿಲಲ್ಲಿ ಗಂಟು. ಸೇತುವೆ ಹತ್ತಲಾಗದೆ ಅಲ್ಲಿಯವರೆಗೆ ಮಾತ್ರ ಬಂದಿದ್ದಾರೆ.

ಆ ಬದಿಯ ಕಿಟಕಿ ಪಕ್ಕದ ಹೆಂಗಸು ಉಡುಗೊರೆ ಡಬ್ಬಗಳನ್ನು ಎತ್ತಿಕೊಂಡು ಇಳಿದುಹೋದಳು. ಶ್ಯೂಲುವಾನ್ ಪೊರಕೆಯನ್ನು ನನ್ನ ಕೈಗೆ ಕೊಟ್ಟು, ಟೋಪಿ, ಏಪ್ರನ್ ಬಿಚ್ಚಿ, ಖಾಲಿಯಾದ ಸೀಟಿನಲ್ಲಿ ಕೂತರು. ಪ್ರಯಾಣಿಕರು ಕೂರುವಂತೆ, ಬೆನ್ನು ಒರಗಿಸಿ. ಆಚೆ ತಾಯಿ ಕುರ್ಚಿಯ ಕೈ ಹಿಡಿದು ಎದ್ದು ನಿಂತು, ಗಂಟನ್ನು ಮೇಲೆತ್ತಿ ತೋರಿಸಿದರು. ಇವರು ಗಾಜಿಗೆ ಅಂಗೈ ಒತ್ತಿದರು.

ರೈಲು ಹೊರಟಿತು. ಆ ಸೀಟು ಕಾಯ್ದಿರಿಸಿದ್ದ ಯುವಕ ಟಿಕೆಟ್ ಹಿಡಿದು ಬಂದಾಗ ಅವರು ಎದ್ದು, ಸೀಟು ಒರೆಸಿಕೊಟ್ಟು, ಪೊರಕೆಗೆ ಕೈ ಚಾಚಿದರು. ಗಾಜಿನ ಮೇಲಿನ ಅಂಗೈ ಗುರುತನ್ನು ಮಾತ್ರ ಒರೆಸಲಿಲ್ಲ.

"ಮುಂದಿನ ವರ್ಷದ ರಜೆ ಈಗ್ಲೇ ಕೇಳ್ತೀನಿ" ಎಂದರು. "ಒಂಟಿ ಜೀವ ಅಂತಾರೆ. ಅಲ್ಲಿ ಎದ್ದು ನಿಂತಿದ್ದೋಳು ನನ್ನಮ್ಮ ಅಲ್ವಾ?"