ಅಪ್ಪ ಮರ ಕೂರಿಸಿದ ಬಂದೂಕು

ಆಗ ಹೊಸಹಳ್ಳಿ ನಿಜಕ್ಕೂ ಹಳ್ಳಿಯೇ ಆಗಿತ್ತು. ವಿಜಯನಗರ ಅನ್ನುವ ಬಡಾವಣೆಯ ಹೆಸರನ್ನು ನಾವಿನ್ನೂ ಕೇಳಿರಲಿಲ್ಲ. ಮಾಗಡಿ ರಸ್ತೆಯಲ್ಲಿ ಎತ್ತಿನ ಗಾಡಿಗಳು, ರಸ್ತೆ ದಾಟಿದರೆ ರಾಗಿ, ಅವರೆ, ಹುಚ್ಚೆಳ್ಳಿನ ಹೊಲಗಳು. ನನ್ನ ವಯಸ್ಸಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಆ ಹುಚ್ಚೆಳ್ಳಿನ ಹಳದಿ ಅವರ ಕಣ್ಣಿಗೂ ಕಟ್ಟೀತು.

ನಮ್ಮಪ್ಪ ಮರಗೆಲಸದವರು, ಊರಿಗೆಲ್ಲ ಆಚಾರ್ರು. ನೇಗಿಲು, ಬಾಗಿಲು, ತೊಟ್ಟಿಲು ಎಲ್ಲವನ್ನೂ ಮಾಡುತ್ತಿದ್ದರು. ಆದರೆ ಹೆಸರು ತಂದುಕೊಟ್ಟದ್ದು ಬಂದೂಕಿನ ಮರದ ಕೆಲಸ. ಹಿಡಿ ಸೀಳಿದ ಬಂದೂಕುಗಳನ್ನು ಕೆಂಗೇರಿ ಕಡೆಯಿಂದಲೂ ಹೊತ್ತು ತರುತ್ತಿದ್ದರು.

ಒಂದು ವರ್ಷ ಬೇಸಿಗೆಯಲ್ಲಿ ಮರಿಗೌಡರು ಮತ್ತು ಅವರ ತಮ್ಮ ಕೆಂಪಣ್ಣ ಒಂದು ಗಿಡ್ಡ ರೈಫಲ್ ತಂದರು. ಶ್ರೀಗಂಧದ ಕಾವಲಿನ ಪಕ್ಕದಲ್ಲಿ ಅವರ ಹೊಲ, ಅಲ್ಲಿ ಹಂದಿ ಕಾಟ. ದಂಡಿನಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹೊರಡುವಾಗ ಮಾರಿದ್ದಂತೆ ಅದು. ಕುದುರೆಯ ಸುತ್ತ, ಅಂದರೆ ಬೆರಳಿಟ್ಟು ಎಳೆಯುವ ಕೊಕ್ಕೆಯ ಸುತ್ತ, ದೊಡ್ಡ ಬಳೆಯಂಥ ಕಬ್ಬಿಣದ ಹಿಡಿಕೆ ಇತ್ತು. ಅದನ್ನು ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆಳೆದರೆ ಮುಂದಿನ ತೋಟಾ ಒಳಗೆ ಬಂದು ಕೂರುತ್ತಿತ್ತು. ನಳಿಗೆಯ ಕೆಳಗೆ ತೋಟಾ ತುಂಬುವ ಇನ್ನೊಂದು ಕೊಳವೆ. ಅದಕ್ಕಿದ್ದ ಮರ ಮಾತ್ರ ಗೇಣುದ್ದ. ರಾತ್ರಿ ಹೊಲ ಕಾಯುವ ಅಟ್ಟಣೆಯ ಮೇಲೆ ಇಬ್ಬನಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಅದಕ್ಕೇ ನಳಿಗೆಯ ತುದಿಯವರೆಗೂ ಮರ ಬರಬೇಕು ಅಂತ ಕೆಂಪಣ್ಣನ ಆಸೆ. ಹಿಂದಿನ ಹಿಡಿಯೂ ತಮ್ಮ ಉದ್ದ ಕೈಗೆ ಹೊಂದಬೇಕು ಅಂದರು. ಅಪ್ಪ ಅವರ ಮೊಣಕೈ ಮಡಿಸಿ ಅಳತೆ ತೆಗೆದುಕೊಂಡರು. ಮರಿಗೌಡರು ನಗುತ್ತಾ, ಮದುವೆ ಗಂಡಿಗೆ ಅಂಗಿ ಹೊಲಿಯೋಕೆ ಹೇಳಿದಂಗಿದೆ ಅಂದರು.

ಕೆಂಪಣ್ಣನ ಮಗಳು ಗೌರಿ ನನ್ನ ಜೀವದ ಗೆಳತಿ. ಅಪ್ಪನ ಜೊತೆ ಬಂದವಳು ನಮ್ಮ ಮನೆಯಲ್ಲೇ ಉಳಿದುಬಿಡುತ್ತಿದ್ದಳು.

ಅಪ್ಪ ಬೀಟೆಯ ತುಂಡೊಂದನ್ನು ಹುಡುಕಿ ತಂದರು. ಅದನ್ನು ಕೊಯ್ದಾಗ ಅಂಗಳವೆಲ್ಲ ಹುಳಿಸಿಹಿ ವಾಸನೆ, ಮೂಗಿಗೆ ನೇರಳೆ ಬಣ್ಣದ ಹೊಟ್ಟು. ನಾವಿಬ್ಬರೂ ಸೀನುತ್ತಾ ಬೀಟೆಯ ಚಕ್ಕೆಯನ್ನೇ ಬಿಲ್ಲೆ ಮಾಡಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದೆವು. ಅಮ್ಮ ಹುರಿಗಾಳಿಗೆ ಬೆಲ್ಲ ಸೇರಿಸಿ ನಮ್ಮ ಲಂಗದ ಮಡಿಲಿಗೆ ಸುರಿಯುತ್ತಿದ್ದಳು. ಅಪ್ಪ ದೀಪದ ಮಸಿಗೆ ಎಣ್ಣೆ ಕಲಸಿ ನಳಿಗೆಗೆ ಬಳಿದು, ಮರದ ತೋಡಿನಲ್ಲಿ ಒತ್ತಿ ಎತ್ತುತ್ತಿದ್ದರು. ಮಸಿ ಅಂಟಿದಲ್ಲಷ್ಟೇ ಉಳಿಯಲ್ಲಿ ಕೆರೆಯುವುದು, ಮತ್ತೆ ಒತ್ತುವುದು. ಆ ಮಸಿಯಲ್ಲಿ ಗೌರಿ ನನ್ನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು, ಇವಳೇ ಮದುಮಗಳು ಅನ್ನುತ್ತಿದ್ದಳು.

ಕೆಲಸ ಮುಗಿಯುವಾಗ ಮಳೆ ಶುರುವಾಗಿತ್ತು. ಅಗಸೆ ಎಣ್ಣೆ ತಿಕ್ಕಿ ತಿಕ್ಕಿ ಮರ ಕಪ್ಪು ಹೊಂಬಣ್ಣಕ್ಕೆ ತಿರುಗಿತ್ತು. ಅಪ್ಪ ಅದನ್ನು ಕೂಡಲೇ ಕೊಡಲಿಲ್ಲ. ಒಂದಿಷ್ಟು ದಿನ ಜಗುಲಿಯ ಎರಚಲಿಗೆ ಒಡ್ಡಿಟ್ಟರು. ಆಮೇಲೆ ಹಾಳೆಯ ಚೂರೊಂದನ್ನು ಕುದುರೆಗೂ ಮರಕ್ಕೂ ನಡುವೆ ತೂರಿಸಿ ಎಳೆದು ತೋರಿಸಿದರು. ಹಾಳೆ ಎಲ್ಲೂ ಸಿಕ್ಕಲಿಲ್ಲ. ಮರ ಉಬ್ಬಿದ್ದರೆ ಅಲ್ಲಿ ಹಿಡಿಯುತ್ತಿತ್ತು ಅಂತ ನಮ್ಮಿಬ್ಬರಿಗೂ ವಿವರಿಸಿದರು. ಕೆಂಪಣ್ಣ ಬಂದೂಕನ್ನು ಹೆಗಲಿಗೇರಿಸಿ ನೋಡಿದರು. ಮಗುವಿನ ಬೆನ್ನು ಸವರುವಂತೆ ಮರವನ್ನು ಸವರಿದರು.

ರಾಗಿ ತೆನೆ ಬಲಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಸ್ಕೂಲಿಗೆ ಯಾರೋ ಓಡಿಬಂದು ಗೌರಿಯನ್ನು ಕರೆದುಕೊಂಡು ಹೋದರು. ಸ್ಲೇಟು, ಚೀಲ ಎಲ್ಲ ಅಲ್ಲೇ ಬಿಟ್ಟು ಹೋದಳು. ಅವನ್ನು ಕೊಡೋಣ ಅಂತ ನಾನು ಹಿಂದೆಯೇ ಹೊರಟೆ. ಬೀದಿಯ ತಿರುವಿನಲ್ಲಿ ಗಾಡಿ ಎದುರಾಯಿತು. ಹುಲ್ಲಿನ ಮೇಲೆ ಕಂಬಳಿ, ಕಂಬಳಿಯ ಆಚೆ ಎರಡು ಪಾದ. ಪಾದಗಳಿಗೆ ಹೊಲದ ಕೆಸರು ಹಾಗೇ ಅಂಟಿತ್ತು. ಎತ್ತುಗಳ ಮುಂದೆ ಮರಿಗೌಡರು ಬರಿಗಾಲಲ್ಲಿ ನಡೆಯುತ್ತಿದ್ದರು, ಪೊಲೀಸಿನವನೊಬ್ಬ ಅವರ ತೋಳು ಹಿಡಿದಿದ್ದ. ನನಗೆ ಅಳು ಬರಲಿಲ್ಲ. ಸ್ಲೇಟು ಎಲ್ಲಿ ಬಿತ್ತೋ ಇವತ್ತಿಗೂ ಗೊತ್ತಿಲ್ಲ.

ಹೊಲ ಪಾಲು ಮಾಡುವ ವಿಷಯಕ್ಕೆ ಅಣ್ಣತಮ್ಮಂದಿರಿಗೆ ಬದುವಿನ ಮೇಲೆ ಮಾತು ಬೆಳೆದಿತ್ತಂತೆ. ಬಂದೂಕು ಮರಿಗೌಡರ ಕೈಯಲ್ಲಿತ್ತು, ಗುಂಡು ಹಾರಿತು. ಅಷ್ಟೇ ಗೊತ್ತಿದ್ದದ್ದು.

ತಿಥಿ ಕಳೆದ ಮೇಲೆ ಕೆಂಪಣ್ಣನ ಹೆಂಡತಿ ಪುಟ್ಟಮ್ಮ ನಮ್ಮ ಮನೆಗೆ ಬಂದರು. ಬರಿ ಹಣೆಯ ಅವರನ್ನು ನಾನು ಗುರುತೇ ಹಿಡಿಯಲಿಲ್ಲ. ಅಮ್ಮ ಕೊಟ್ಟ ನೀರನ್ನು ಪಕ್ಕಕ್ಕಿಟ್ಟು ಅಪ್ಪನಿಗೆ ಹೇಳಿದರು:

"ಮರದಲ್ಲೇ ದೋಷ ಇತ್ತು ಅಂದ್ಬಿಡಿ ಆಚಾರ್ರೇ. ಗುಂಡು ತಾನಾಗೇ ಹಾರ್ತು ಅಂತ."

ಅಪ್ಪ ದಂಗಾಗಿ ಅವರ ಮುಖ ನೋಡಿದರು. "ನಿಮ್ಮ ಯಜಮಾನ್ರಿಗೆ ಹೊಡೆದೋರನ್ನ ಉಳಿಸಿ ಅಂತೀರಾ ತಾಯಿ?"

"ಸತ್ತೋರು ಎದ್ದು ಬರಲ್ಲ. ಬೇಕು ಅಂತ ಹೊಡೆದ್ರೋ, ಕೈ ತಪ್ತೋ, ಭಾವನೋರಿಗೇ ಗೊತ್ತಿಲ್ಲ, ಠಾಣೆ ಗೋಡೆಗೆ ತಲೆ ಚಚ್ಕೋತಾರೆ. ಅವರು ಜೈಲಿಗೋದ್ರೆ ಈ ಹೆಣ್ಮಕ್ಳಿಗೆ ಅನ್ನ ಹಾಕೋರು ಯಾರು? ನನ್ನ ತವರಲ್ಲಿ ಯಾರೂ ಇಲ್ಲ."

ಪುಟ್ಟಮ್ಮ ಸೆರಗು ಹೊದ್ದು ಎದ್ದು ಹೋದರು.

ಎರಡು ದಿನದಲ್ಲೇ ಇನ್ಸ್‌ಪೆಕ್ಟರು ಆ ಬಂದೂಕನ್ನೇ ಹಿಡಿದು ಬಂದರು. ಊರ ಹಿರಿಯರನ್ನೂ ಕರೆಸಿದ್ದರು. ಮರದ ಕೆಲಸ ಮಾಡಿದವನು ನೀನೇ, ನೋಡಿ ಹೇಳು ಅಂತ ಅಪ್ಪನ ಕೈಗೆ ಕೊಟ್ಟು, ಅಂಗಳದ ಆಚೆ ಹಿರಿಯರ ಜೊತೆ ಮಾತಿಗೆ ನಿಂತರು. ಅಪ್ಪ ಬಂದೂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಳೆಯ ಚೂರೊಂದನ್ನು ಕುದುರೆಯ ಹಿಂದೆ ತೂರಿಸಿದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಹಾಳೆ ಸರಾಗವಾಗಿ ಈ ಕಡೆ ಬಂತು. ಅಪ್ಪ ಅದನ್ನು ಮುದುರಿ ಮುಷ್ಟಿಯಲ್ಲಿ ಹಿಡಿದುಕೊಂಡರು.

ಇನ್ಸ್‌ಪೆಕ್ಟರು ಹತ್ತಿರ ಬಂದು ಏನಂತೀಯ ಅಂದಾಗ ಅಪ್ಪ ಎದ್ದು ನಿಂತರು.

"ಹಸಿ ಮರ ಹಾಕ್ಬಿಟ್ಟೆ ಸ್ವಾಮಿ. ಮಳೆಗೆ ಉಬ್ಬಿ ಕುದುರೆಗೆ ಒತ್ತಿದೆ. ನನ್ನ ಕೆಲಸವೇ ಕೆಟ್ಟದ್ದು."

ಒಳಗೆ ಅಮ್ಮನ ಕೈಯಿಂದ ಸೌಟು ಬಿತ್ತು. ನಮ್ಮಪ್ಪ ಸುಳ್ಳು ಹೇಳುವುದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಅದೂ ತಮ್ಮ ಕೈಕೆಲಸದ ಬಗ್ಗೆ, ಊರ ಹಿರಿಯರ ಎದುರಿಗೆ. ಇನ್ಸ್‌ಪೆಕ್ಟರು ಕೆಟ್ಟದಾಗಿ ಬೈದು, ಇನ್ನು ಬಂದೂಕು ಮುಟ್ಟಿದರೆ ಒಳಗೆ ಹಾಕುತ್ತೇನೆ ಅಂದರು. ಅಪ್ಪ ಕೈಮುಗಿದುಕೊಂಡೇ ನಿಂತಿದ್ದರು.

ಅವರೆಲ್ಲ ಹೋದ ಮೇಲೆ ನನ್ನನ್ನು ಹತ್ತಿರ ಕರೆದರು. ನಾನು ನೋಡಿದ್ದು ಅವರಿಗೆ ಗೊತ್ತಾಗಿತ್ತು. "ಗೌರಿಗೂ ಹೇಳ್ಬಾರ್ದು ಕಣೇ. ಅವಳು ದೊಡ್ಡಪ್ಪನ ಕೈ ಅನ್ನ ಉಣ್ಣಬೇಕಾದೋಳು. ಗೊತ್ತಾದ್ರೆ ಗಂಟಲಲ್ಲಿ ಇಳಿಯುತ್ತಾ?"

ಗೌರಿ ಸ್ಕೂಲಿಗೆ ಮತ್ತೆ ಬಂದಾಗ ಬೇರೆ ಸಾಲಿನಲ್ಲಿ ಕೂತಳು. ನಾನು ಪಕ್ಕಕ್ಕೆ ಹೋದೆ. ಅವಳು ಜೋರು ಮಾಡಲಿಲ್ಲ, ಅಳಲಿಲ್ಲ. "ನಿಮ್ಮಪ್ಪನ ಮರ ನಮ್ಮಪ್ಪನ್ನ ಕೊಂದುಹಾಕ್ತು," ಅಂದಳು. ನನ್ನ ನಾಲಿಗೆ ತುದಿಯಲ್ಲಿ ಎಲ್ಲ ಇತ್ತು. ನುಂಗಿಕೊಂಡೆ.

ಮರಿಗೌಡರು ಬಿಡುಗಡೆಯಾಗಿ ಬಂದರು. ತಮ್ಮನ ಹೆಣ್ಣುಮಕ್ಕಳನ್ನು ಓದಿಸಿದರು, ಒಳ್ಳೆಯ ಕಡೆ ಮದುವೆ ಮಾಡಿದರು. ನಮ್ಮ ಮನೆಯ ಮುಂದೆ ಹಾಯುವಾಗ ಮಾತ್ರ ತಲೆ ತಗ್ಗಿಸಿಕೊಂಡು ಬೇಗ ಬೇಗ ನಡೆಯುತ್ತಿದ್ದರು. ಅಪ್ಪನ ಹತ್ತಿರ ಬಂದೂಕು ಬರುವುದು ನಿಂತಿತು. ಆಮೇಲೆ ಬಾಗಿಲು, ನೇಗಿಲಿಗೂ ಜನ ಬೇರೆ ಕಡೆ ಹೋದರು. ಹಸಿ ಮರದ ಆಚಾರಿ ಅನ್ನುವ ಹೆಸರು ಬಿತ್ತು. ಅಪ್ಪ ಪೇಟೆಯ ಮರದ ಅಂಗಡಿಯೊಂದರಲ್ಲಿ ಕೂಲಿಗೆ ಸೇರಿದರು, ಕೊನೆಯವರೆಗೂ ಪ್ಯಾಕಿಂಗ್ ಪೆಟ್ಟಿಗೆಗಳಿಗೆ ಮೊಳೆ ಹೊಡೆದರು.

ಗೌರಿಯನ್ನು ಮತ್ತೆ ಕಂಡದ್ದು ಮುದುಕಿಯಾದ ಮೇಲೆ, ರಾಜರಾಜೇಶ್ವರಿನಗರದ ಒಂದು ಮದುವೆಯಲ್ಲಿ. ಪಕ್ಕದಲ್ಲಿ ಕೂತು ಕೈ ಹಿಡಿದೆ. ನನ್ನ ಮಕ್ಕಳನ್ನು ವಿಚಾರಿಸಿದಳು. ದೊಡ್ಡಪ್ಪ ಇಲ್ಲದಿದ್ದರೆ ನಾವೆಲ್ಲ ಎಲ್ಲಿರ್ತಿದ್ದೆವೋ ಅಂದಳು. ಮರಿಗೌಡರು, ಪುಟ್ಟಮ್ಮ, ನಮ್ಮಪ್ಪ ಮೂವರೂ ಆಗಲೇ ತೀರಿಹೋಗಿದ್ದರು. ಹೇಳಬಹುದಿತ್ತು. ಅವಳು ಆ ಮಾತನ್ನು ಅಷ್ಟು ನೆಮ್ಮದಿಯಿಂದ ಹೇಳಿದ್ದಳು, ನಾನು ಹೂಂ ಅಂದೆ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ಊಟಕ್ಕೆ ಎದ್ದಳು. ಮುಂದಿನ ವರ್ಷ ಅವಳೂ ಹೋದಳೆಂದು ಕೇಳಿದೆ.

ಈಗ ಆ ಹೊಲಗಳ ಮೇಲೆ ಮನೆಗಳು, ಹೊಸಹಳ್ಳಿಯಲ್ಲಿ ಮೆಟ್ರೋ ನಿಲ್ಲುತ್ತದೆ. ಯಾವಾಗಲಾದರೂ ಅಲ್ಲಿ ಇಳಿದರೆ ನಮ್ಮ ಬೀದಿ ಇದ್ದ ಕಡೆ ಸ್ವಲ್ಪ ಹೊತ್ತು ನಡೆಯುತ್ತೇನೆ. ಅಪ್ಪನನ್ನು ಬಲ್ಲವರು ಅಲ್ಲಿ ಯಾರೂ ಉಳಿದಿಲ್ಲ. ಕೆಟ್ಟ ಕೆಲಸಗಾರ ಅಂತ ನೆನೆಸಿಕೊಳ್ಳುವವರು ಕೂಡ ಇಲ್ಲ.