ಹಳದಿ ಹಲಗೆಯ ನಾಲ್ಕು ಸಾಲು

ಬೋರ್ಡಣ್ಣ ತೀರಿಹೋಗಿ ಹದಿನಾಲ್ಕು ದಿನವಾಯಿತು. ಪೇಟೆಯ ಅರ್ಧ ಅಂಗಡಿಗಳ ನೆತ್ತಿಯ ಮೇಲೆ ಅವನ ಅಕ್ಷರ ಇನ್ನೂ ಹಾಗೇ ಇದೆ. "ಬಸ್ಸಲ್ಲಿ ಕೂತೋನು ಒಂದೇ ನೋಟಕ್ಕೆ ಓದ್ಬೇಕು. ಇಲ್ದಿದ್ರೆ ಅದು ಬೋರ್ಡಲ್ಲ, ಗೋಡೆಗೆ ಬಳಿದ ಬಣ್ಣ" ಎನ್ನುತ್ತಿದ್ದ.

ಮಗಳ ವಿಷಯದಲ್ಲಿ ಮಾತ್ರ ಮೊದಲಿಗೆ ಅವನಿಗೆ ಈ ಬುದ್ಧಿ ಓಡಲಿಲ್ಲ.

ಅವಳದು ಅಪರೂಪದ ಕಾಯಿಲೆ. ಹೊಟ್ಟೆ ಖಾಲಿಯಾದಾಗ ನಮ್ಮ ನಿಮ್ಮ ದೇಹ ಕೂಡಿಟ್ಟ ಕೊಬ್ಬನ್ನು ಉರಿಸಿಕೊಂಡು ನಡೆಯುತ್ತದೆ. ಅವಳ ದೇಹಕ್ಕೆ ಅದು ಬಾರದು. ಎರಡು ಸಲ ವಾಂತಿಯಾದರೆ ಸಾಕು, ಮಂಪರು. ಆಗ ತಡಮಾಡದೆ ಗ್ಲೂಕೋಸ್ ಡ್ರಿಪ್ ಹಾಕಬೇಕು. ರಕ್ತದ ಸಕ್ಕರೆ ಇಳಿಯಲಿ ಎಂದು ಕಾದರೆ ಕೈಮೀರುತ್ತದೆ.

ಅವಳಿಗೆ ಐದು ವರ್ಷವಿದ್ದಾಗ ಹಾಗೇ ಆಯಿತು. ಬೋರ್ಡಣ್ಣ ತುರ್ತು ವಿಭಾಗದ ಮೇಜಿನ ಮೇಲೆ ತಾನೇ ಬರೆದ ದಪ್ಪ ಫೈಲ್ ಇಟ್ಟ. ಮೊದಲ ಪುಟದಲ್ಲಿ 'ಮಾನ್ಯ ವೈದ್ಯರಿಗೆ ಅನಂತ ನಮಸ್ಕಾರಗಳು', ಆಮೇಲೆ ಹುಟ್ಟಿದ ತೂಕ, ಹಲ್ಲು ಬಂದ ತಿಂಗಳು. ಡ್ರಿಪ್ಪಿನ ಮಾತು ಇದ್ದದ್ದು ಹನ್ನೊಂದನೆಯ ಪುಟದಲ್ಲಿ. ಡಾಕ್ಟರು ಎರಡು ಪುಟ ತಿರುವಿ, "ಶುಗರ್ ಸರಿಯಾಗೇ ಇದೆ, ಹೊರಗೆ ಕೂತಿರಿ" ಎಂದರು. ಗಂಟೆಯೊಳಗೆ ಮಗುವಿಗೆ ಫಿಟ್ಸ್ ಬಂತು. ಆರು ದಿನ ಐಸಿಯು. ಬದುಕಿದ್ದೇ ಹೆಚ್ಚು.

ಅವನ ಕಸುಬು ಬಲ್ಲ ಅಲ್ಲಿನ ಹಿರಿಯ ನರ್ಸ್ ಫೈಲನ್ನು ಕೈಯಲ್ಲಿ ತೂಗಿ ಕೇಳಿದರು: "ಏನಣ್ಣಾ ಇದು, ಪುರಾಣ! ನಾವಿಲ್ಲಿ ಓಡ್ತಾ ಇರ್ತೀವಿ. ಅಂಗಡಿ ಬೋರ್ಡನ್ನೂ ಹೀಗೇ ಬರೀತೀರಾ?"

ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಮಗಳನ್ನು ನೋಡುತ್ತಿದ್ದ ತಜ್ಞರ ಬಳಿ, ತುರ್ತಿಗೆ ಬೇಕಾದಷ್ಟನ್ನೇ ಬರೆಸಿಕೊಳ್ಳಲು, ಮೂರು ಸಲ ಹೋಗಿ ಕೂತ.

"ಸಾರ್, ಇನ್ನೊಂದು ಪದ ಕಮ್ಮಿ ಮಾಡಿ."

"ಅಲ್ರೀ, ಡಾಕ್ಟ್ರು ನಾನೋ ನೀವೋ?"

"ನೀವೇ ಸಾರ್. ಅಕ್ಷರ ಮಾತ್ರ ನಂದು."

ಕೊನೆಗೆ ಒಂದು ಹಳದಿ ಪ್ಲಾಸ್ಟಿಕ್ ಹಲಗೆಯ ಮೇಲೆ ಕಪ್ಪು ಬಣ್ಣದಲ್ಲಿ ನಾಲ್ಕು ಸಾಲು ಉಳಿದವು. ಕಾಯಿಲೆಯ ಹೆಸರು. ವಾಂತಿ, ಮಂಪರು ಇದ್ದರೆ ಗ್ಲೂಕೋಸ್ ಡ್ರಿಪ್ ಈಗಲೇ. ಶುಗರ್ ಸರಿ ಇದ್ದರೂ ಕಾಯಬೇಡಿ. ತಜ್ಞರ ಫೋನ್ ನಂಬರು. ಡ್ರಿಪ್ಪಿನ ಅಳತೆ, ತಜ್ಞರ ಸಹಿ, ಮೊಹರು ಅಡಿಯಲ್ಲಿ. ಹೆಂಡತಿಯನ್ನು ಮನೆಯ ಮುಂದೆ ಓಡಿಸಿ ಓದಿಸಿದ. "ನಿಮ್ಗೆ ತಲೆ ಕೆಟ್ಟಿದೆ ಕಣ್ರೀ" ಎಂದು ಏದುಸಿರು ಬಿಡುತ್ತಲೇ ಆಕೆ ನಾಲ್ಕೂ ಸಾಲು ಒಪ್ಪಿಸಿದಳು.

ಏಳು ತಿಂಗಳ ಮೇಲೆ, ಒಂದು ಬೆಳಿಗ್ಗೆ, ಮಗಳು ಮತ್ತೆ ಅವನ ತೋಳಲ್ಲಿ ಜೋತುಬಿದ್ದಳು. ತುರ್ತು ವಿಭಾಗದಲ್ಲಿದ್ದುದು ಹೊಸಬಳು, ಎಳೆಯ ಡಾಕ್ಟರ್. ಬೋರ್ಡಣ್ಣ ಹಲಗೆ ಎತ್ತಿ ಹಿಡಿದ. ಆಕೆಯ ಕಣ್ಣು ಮೇಲಿನಿಂದ ಕೆಳಕ್ಕೆ ಒಮ್ಮೆ ಇಳಿಯಿತು.

"ಈ ಕಾಯಿಲೆ ನಾನು ಇವತ್ತೇ ಮೊದಲು ನೋಡ್ತಿರೋದು" ಎನ್ನುತ್ತಲೇ ಮಗುವನ್ನು ಎತ್ತಿಕೊಂಡು ಓಡಿದಳು. "ಸಿಸ್ಟರ್, ಡ್ರಿಪ್ ಹಾಕಿ! ರಿಪೋರ್ಟ್ ಆಮೇಲೆ ಬರ್ಲಿ. ಯಾರಾದ್ರೂ ಈ ನಂಬರಿಗೆ ಫೋನ್ ಮಾಡಿ!"

ಹಿಂದೆಂದೂ ನೋಡದ ಕಾಯಿಲೆಗೆ, ಗುರುತೇ ಇಲ್ಲದ ಹುಡುಗಿಯೊಬ್ಬಳು, ಮಾಡಬೇಕಾದದ್ದನ್ನೇ ಮಾಡುತ್ತಿದ್ದಳು. ಹನಿ ಇಳಿಯತೊಡಗಿತು. ಬಹಳ ಹೊತ್ತಿನ ಮೇಲೆ ಮಗಳು ಕಣ್ಣು ಬಿಟ್ಟು ಗೊಣಗಿದಳು: "ಅಪ್ಪಾ, ಡಾಕ್ಟರಕ್ಕನ ಕಾಲಲ್ಲಿ ಒಂದೇ ಚಪ್ಪಲಿ."

ನಿಜ. ಓಡುವಾಗ ಇನ್ನೊಂದು ಬಾಗಿಲ ಬಳಿ ಕಳಚಿ ಬಿದ್ದಿತ್ತು. ಬೋರ್ಡಣ್ಣ ಹೋಗಿ ಅದನ್ನು ಎತ್ತಿಕೊಂಡ. ಆಕೆಯ ಕೆಲಸ ಮುಗಿಯುವವರೆಗೂ ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ.

"ಅಯ್ಯೋ, ಅದನ್ಯಾಕೆ ಹಿಡ್ಕೊಂಡು ನಿಂತಿದೀರಿ ಅಂಕಲ್? ಕೆಳಗಿಡಿ!"

ಕೆಳಗಿಡಲು ಅವನಿಗೆ ಮನಸ್ಸೇ ಬರಲಿಲ್ಲ.